ಮಗಳು ಪಾಲಕಿಯಾದದ್ದು

ಸವಣೂರಿನಿಂದ ಬೆಳಗಿನ ಮಂಜಿನಲ್ಲೇ ಹೊರಟು ಬಂಕಾಪುರ, ಹಾನಗಲ್ಲು ದಾಟಿ ಹಿರೇಕೆರೂರಿಗೆ ಹೋಗುವ ಸರಕಾರಿ ಬಸ್ಸಿನಲ್ಲಿ ಶೈಲಶ್ರೀ ಕಂಡಕ್ಟರ್. ಆಕೆ ಜೋರಾಗಿ ಕೂಗಿದ್ದನ್ನು ಆ ದಾರಿಯವರು ಯಾರೂ ಕೇಳಿಲ್ಲ. "ಸ್ವಲ್ಪ ಮುಂದ ಸರೀರಿ" ಎನ್ನುವುದನ್ನೂ ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಹೇಳುತ್ತಾಳೆ. ಮೊದಲು ಆಕೆಯ ಗಂಡ ಇದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ. ಒಂದು ಮಳೆಗಾಲ ಜ್ವರ ಬಂದದ್ದು ನೆಪವಾಗಿ ತೀರಿಕೊಂಡ. ಅನುಕಂಪದ ಮೇಲೆ ಇವಳಿಗೆ ಕಂಡಕ್ಟರ್ ನೌಕರಿ ಬಂತು. ಹಾನಗಲ್ಲಿನ ಬಾಡಿಗೆ ಮನೆ ಬಿಟ್ಟು ಸವಣೂರಿಗೆ, ಅಪ್ಪನ ಮನೆಗೆ ಬಂದಳು.

ಅಪ್ಪ ಕರಬಸಪ್ಪ ಎಲೆತೋಟದವನು. ಊರ ಅಂಚಿನಲ್ಲಿ ಅವನ ವೀಳ್ಯದೆಲೆಯ ಬಳ್ಳಿಗಳು ನುಗ್ಗೆ, ಚೊಗಚಿ ಮರಗಳನ್ನು ತಬ್ಬಿಕೊಂಡು ಸಾಲಾಗಿ ನಿಂತಿದ್ದವು. ತೋಟದೊಳಗೆ ಹೊಕ್ಕರೆ ಹೊರಗಿನ ಬಿಸಿಲು ಯಾವುದೋ ಬೇರೆ ಊರಿನ ಸುದ್ದಿಯಂತೆ ಅನಿಸುತ್ತಿತ್ತು. ಒಳಗೆ ಬೆಳಕೂ ಹಸಿರು, ನೆರಳೂ ಹಸಿರು. ಕರಬಸಪ್ಪ ಮೊದಲೇ ಮಿತಭಾಷಿ, ತೋಟದಲ್ಲಿ ಇನ್ನೂ ಕಡಿಮೆ. ಸಣ್ಣವಳಿದ್ದಾಗ ಶೈಲಶ್ರೀ ಸಾಲುಗಳ ನಡುವೆ ಓಡಿದರೆ, "ಸಾವಕಾಶ ಹೋಗವಾ, ಎಲಿ ಮಲಗ್ಯಾವು" ಎನ್ನುತ್ತಿದ್ದ. ಎಲೆಗಳು ನಿಜವಾಗಿಯೂ ಮಲಗುತ್ತವೆ ಎಂದು ಅವಳು ಎಷ್ಟೋ ವರ್ಷ ನಂಬಿದ್ದಳು.

ಅವನ ತೋಟದ ಎಲೆ ಕೊಳ್ಳುತ್ತಿದ್ದವನು ಶೇಖಸಾಬ. ಪೇಟೆಯಲ್ಲಿ ಎಲೆ ವ್ಯಾಪಾರ. ಇಬ್ಬರೂ ಮೀಸೆ ಮೂಡುವ ಕಾಲದಿಂದ ಗೆಳೆಯರು. ಒಂದು ಶ್ರಾವಣದ ಮುಂಜಾನೆ ಎಲೆ ತರಲು ಹೋದ ಶೇಖಸಾಬನಿಗೆ ಗೆಳೆಯ ಬಳ್ಳಿಯ ಬುಡದಲ್ಲಿ ಬಿದ್ದಿರುವುದು ಕಂಡಿತು. ಮೈಮೇಲೆ ಎಲೆಗಳು ಚೆಲ್ಲಿದ್ದವು. ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೆದುಳೊಳಗೆ ರಕ್ತ ಸೋರಿದೆ ಎಂದರು. ಆಪರೇಶನ್ ಆಯಿತು. ಜೀವ ಉಳಿಯಿತು. ಆದರೆ ಜೀವದ ಹೊರತು ಉಳಿದದ್ದೇನು ಎಂಬುದು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ.

ಮನೆಗೆ ತಂದು ಮಲಗಿಸಿದರು. ಕರಬಸಪ್ಪ ಹಗಲು ಕಣ್ಣು ತೆರೆದಿರುತ್ತಿದ್ದ, ಕತ್ತಲಾದರೆ ಮುಚ್ಚುತ್ತಿದ್ದ. ಆ ಕಣ್ಣು ಏನನ್ನು ನೋಡುತ್ತಿತ್ತೋ ತಿಳಿಯದು. ಮೂಗಿನ ನಳಿಗೆಯಲ್ಲಿ ಗಂಜಿ, ಹಾಲು ಹೋಗುತ್ತಿತ್ತು. ಬಲಗೈ ಎದೆಯ ಹತ್ತಿರ ಮಡಿಚಿಕೊಂಡು, ಬೆರಳುಗಳೆಲ್ಲ ಮುಷ್ಟಿಯಾಗಿ ಬಿಗಿದುಕೊಂಡಿದ್ದವು. ಹೆಂಡತಿ ಎಂದೋ ತೀರಿಕೊಂಡಿದ್ದ ಆ ಮನೆಯಲ್ಲಿ ಅವನ ವಿಧವೆ ತಂಗಿ ಸಿದ್ದವ್ವ ಇದ್ದಳು. ಶೈಲಶ್ರೀ ಡ್ಯೂಟಿಗೆ ಹೋದಾಗ ಅವಳೇ ನೋಡಿಕೊಳ್ಳುತ್ತಿದ್ದಳು. ದಿನ ಕಳೆದಂತೆ ಆ ಮನೆ ತೊಟ್ಟಿಲಿನಲ್ಲಿ ಕೂಸು ಮಲಗಿದ ಮನೆಯಂತಾಯಿತು. ಪಾತ್ರೆ ಇಡುವವರು ಸದ್ದಾಗದಂತೆ ಇಡುತ್ತಿದ್ದರು. ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಶೇಖಸಾಬ ದಿನವೂ ಬಂದು ಮಂಚದ ಪಕ್ಕ ಕುಳಿತು ಪೇಟೆಯ ಸುದ್ದಿ ಹೇಳಿ ಹೋಗುತ್ತಿದ್ದ.

ಶೈಲಶ್ರೀಯೂ ಸಂಜೆ ಬಂದು ಅಪ್ಪನಿಗೆ ದಾರಿಯ ಕತೆ ಹೇಳುತ್ತಿದ್ದಳು. ಬಂಕಾಪುರದ ಕೋಟೆಯ ಹತ್ತಿರ ನವಿಲೊಂದು ಬಸ್ಸಿನ ಮುಂದೆ ನಿಂತು ದಾರಿ ಕೊಡದೆ ಹೋದದ್ದು, ಆನೆಕೆರೆಯ ಮೇಲೆ ಮಂಜು ಎದ್ದು ನೀರೂ ಆಕಾಶವೂ ಒಂದೇ ಆಗಿದ್ದದ್ದು, ಹಿರೇಕೆರೂರಿನ ಮುದುಕಿಯೊಬ್ಬಳು ಹೆಂಗಸರಿಗೆ ಪುಕ್ಕಟೆ ಕೊಡುವ ಸೊನ್ನೆ ಟಿಕೆಟ್ಟನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡದ್ದು. ಹೇಳುತ್ತ ಹೇಳುತ್ತ ಬಿಸಿನೀರಿನ ಬಟ್ಟೆಯನ್ನು ಅವನ ಮುಷ್ಟಿಯ ಮೇಲಿಟ್ಟು ಕಾಯುತ್ತಿದ್ದಳು. ಒಂದಿಷ್ಟು ಹೊತ್ತಿಗೆ ಬೆರಳುಗಳು ಮೊಗ್ಗು ಬಿರಿದಂತೆ ಸಡಿಲಾಗುತ್ತಿದ್ದವು. ಅಂಗೈ ಒರೆಸಿ ಮತ್ತೆ ಮುಚ್ಚಲು ಬಿಡುತ್ತಿದ್ದಳು.

ಒಂದು ಮಧ್ಯಾಹ್ನ, ಹಿರೇಕೆರೂರಿನಿಂದ ತಿರುಗಿ ಬರುವಾಗ, ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅಪ್ಪ ಬಸ್ಸು ಹತ್ತಿದ. ಬಿಳಿ ಅಂಗಿ, ಹೆಗಲ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ. "ಎಲ್ಲಿಗ್ರಿ?" ಎಂದಳು, ಬೇರೆಯವರನ್ನು ಕೇಳಿದಂತೆ. ಅಪ್ಪ ಕಿಟಕಿಯಾಚೆ ನೋಡಿ ನಕ್ಕ, ಊರಿನ ಹೆಸರು ಹೇಳಲಿಲ್ಲ. ಹೆಸರಿಲ್ಲದ ಊರಿಗೆ ಟಿಕೆಟ್ ಹೇಗೆ ಕೊಡುವುದು ಎಂದು ಅವಳು ಮಷೀನು ಹಿಡಿದು ನಿಂತಳು. ಬಸ್ಸು ಹೋಗುತ್ತಲೇ ಇತ್ತು. ಎಚ್ಚರವಾದಾಗ ಹೊರಗೆ ಗೋವಿನಜೋಳದ ಹೊಲಗಳು ಸೂಲಂಗಿ ಹೂ ತೂಗುತ್ತ ಹಿಂದೆ ಸರಿಯುತ್ತಿದ್ದವು.

ಬೇಸಿಗೆ ಬರುವ ಹೊತ್ತಿಗೆ ತೋಟದ ಬೋರಿನಲ್ಲಿ ನೀರು ಕೆಳಗಿಳಿಯಿತು. ಅಪ್ಪನ ಬೆನ್ನಿನಲ್ಲಿ ಹುಣ್ಣು ಕಾಣಿಸಿಕೊಂಡಿತು. ಗಾಳಿಯ ಹಾಸಿಗೆ ಬೇಕು, ಕೈಕಾಲು ಆಡಿಸಲು ವಾರಕ್ಕೊಮ್ಮೆಯಾದರೂ ತಿಳಿದವರು ಬರಬೇಕು ಎಂದರು ಡಾಕ್ಟರು. ಕರಬಸಪ್ಪ ಇಂಥದ್ದಕ್ಕೇ ಎಂಬಂತೆ ಬ್ಯಾಂಕಿನಲ್ಲಿ ಒಂದಿಷ್ಟು ಇಟ್ಟಿದ್ದ. ಬ್ಯಾಂಕಿನ ಮ್ಯಾನೇಜರು ಒಳ್ಳೆಯ ಮನುಷ್ಯ, ತಾನೇ ಮನೆಗೆ ಬಂದ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, "ಯಜಮಾನ್ರ, ನಿಮ್ಮ ಖಾತೆಯಿಂದ ರೊಕ್ಕ ತೆಗೀಲಾಕ ನಿಮ್ಮ ಒಪ್ಪಿಗೆ ಐತ್ರ್ಯಾ?" ಎಂದು ಕೇಳಿದ. ಬಹಳ ಹೊತ್ತು ಕಾದ. ಕರಬಸಪ್ಪ ಮಾಡಿನ ಜಂತೆಯನ್ನು ನೋಡುತ್ತಿದ್ದ.

"ಏನ್ ಮಾಡ್ಲಿಕ್ಕೂ ಬರಂಗಿಲ್ರಿ ಅಕ್ಕಾರ," ಎಂದ ಮ್ಯಾನೇಜರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ. "ನಾವ್ ಕೇಳಿದ್ದು ಅವರಿಗೆ ತಿಳೀಬೇಕು. ತಿಳೀದ ಹೆಬ್ಬೆಟ್ಟು ತಗೊಂಡ್ರ ಅದು ಹೆಬ್ಬೆಟ್ಟಲ್ಲ."

ಹೊಸ ಬೋರು ಕೊರೆಸುವುದಕ್ಕೂ ಅದೇ ಕತೆ, ಅಪ್ಪನ ಸಹಿ ಬೇಕು. ತೋಟವೂ ಕರೆಂಟೂ ಅಪ್ಪನ ಹೆಸರಿನಲ್ಲಿ. ಗಂಡ ಸತ್ತಾಗ ಶೈಲಶ್ರೀ ಎಷ್ಟೋ ಕಚೇರಿ ಸುತ್ತಿದ್ದಳು. ಮರಣದ ದಾಖಲೆ ತೋರಿಸಿದರೆ ಎಲ್ಲ ಬಾಗಿಲೂ ನಿಧಾನವಾಗಿಯಾದರೂ ತೆರೆಯುತ್ತಿದ್ದವು. ಸತ್ತವರಿಗೊಂದು ದಾರಿ, ಬದುಕಿದ್ದವರಿಗೊಂದು ದಾರಿ. ನಡುವೆ ಎಲ್ಲೋ ಮಲಗಿರುವ ಮನುಷ್ಯನಿಗೆ ಯಾವ ದಾರಿಯೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳ ತಮ್ಮ ಶರಣು ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಅವನಿಗೆ ಕೆಲಸ ನಿಲ್ಲುವುದು ಸೇರುತ್ತಿರಲಿಲ್ಲ. ಒಂದು ರವಿವಾರ ಬರೆಸಿದ ಕಾಗದ, ಶಾಯಿಯ ಪ್ಯಾಡು ಹಿಡಿದುಕೊಂಡೇ ಬಂದ. ಅಪ್ಪ ತನಗೆ ಎಲ್ಲ ವ್ಯವಹಾರದ ಅಧಿಕಾರ ಕೊಟ್ಟಿದ್ದಾನೆ ಎಂಬ ಮುಖತ್ಯಾರ ಪತ್ರ ಅದು. ತಾರೀಖು ಹಿಂದಿನದು.

"ಎಲ್ಲಾರೂ ಹಿಂಗ ಮಾಡ್ತಾರಕ್ಕ," ಎಂದ. "ನಾವೇನು ಹೊರಗಿನವರಿಗೆ ಮೋಸ ಮಾಡಾಕತ್ತೇವನು? ಅಪ್ಪನ ರೊಕ್ಕ ಅಪ್ಪಗ ಹಚ್ಚಾಕ."

ಅದು ಸುಳ್ಳೂ ಆಗಿರಲಿಲ್ಲ. ಶರಣು ಅಪ್ಪನ ಬಲಗೈ ಹಿಡಿದ. ಎಡಗೈ ಗೋಡೆಯ ಕಡೆ ಮೈಯಡಿ ಸಿಕ್ಕಿಕೊಂಡಿತ್ತು, ಎಟುಕಲಿಲ್ಲ. ಮುಷ್ಟಿ ಬಿಚ್ಚಲಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಒಳಗೆ ಅಡಗಿತ್ತು. ಅವನು ಇನ್ನಷ್ಟು ಬಲ ಹಾಕಿದ. ಕರಬಸಪ್ಪನ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು.

"ಬಿಡು," ಎಂದಳು ಶೈಲಶ್ರೀ.

"ಹಿಡಿ ಅಕ್ಕ ನೀನೂ. ನಿನಗ ತೆಗೀಲಾಕ ಬರತೈತಲ್ಲ ದಿನಾ."

"ನಾ ತೊಳೀಲಾಕ ತೆಗಿಯೂದು. ಅದಕ್ಕಂತ ಬಿಡ್ತಾನ ನನಗ." ಅವಳು ತಮ್ಮನ ಕೈ ಮೇಲೆ ತನ್ನ ಕೈ ಇಟ್ಟಳು. "ಶರಣು, ಅವಗ ತಿಳಿಯಂಗಿಲ್ಲ ಅಂದ್ರ ಇದು ಕಳವು. ತಿಳೀತೈತಿ ಅಂದ್ರ ಇದು ಜುಲುಮಿ. ಎರಡೂ ಬ್ಯಾಡ."

ಶರಣು ಪ್ಯಾಡು ಮುಚ್ಚಿದ. ಸಿದ್ದವ್ವ ತಂದ ಚಹಾ ಕುಡಿಯದೆ ಎದ್ದು ಹೋದ.

ಶಿಗ್ಗಾಂವಿಯಲ್ಲಿ ಸಮತಾ ಎಂಬ ವಕೀಲೆ ಇದ್ದಳು. ಹೊಲದ ಕೂಲಿಯವರ ಮನೆಯ ಹುಡುಗಿ, ಧಾರವಾಡದಲ್ಲಿ ಕಾನೂನು ಓದಿ ಬಂದವಳು. ಹಾನಗಲ್ಲಿನ ಕೋರ್ಟಿಗೆ ಹೋಗುವಾಗ ಎಷ್ಟೋ ಸಲ ಬಂಕಾಪುರದಲ್ಲಿ ಶೈಲಶ್ರೀಯ ಬಸ್ಸು ಹತ್ತಿದ್ದಳು. ಅವಳ ಕೋಣೆಯ ಗೋಡೆಗೆ ಬಾಬಾಸಾಹೇಬರ ಪಟ, ಅದರ ಕೆಳಗೆ ನೀಲಿ ಹೂಜಿ. ಶೈಲಶ್ರೀ ಹೇಳಿದ್ದನ್ನೆಲ್ಲ ಕೇಳಿಕೊಂಡು ಸಮತಾ ಪೆನ್ನು ಕೆಳಗಿಟ್ಟಳು.

"ಸಣ್ಣ ಹುಡುಗರಿಗೆ ಪಾಲಕರನ್ನ ನೇಮಿಸಾಕ ಕಾಯ್ದೆ ಐತ್ರಿ ಅಕ್ಕಾರ. ಹಿಂಗ ಮಲಗಿದ ದೊಡ್ಡವರಿಗಂತ ನೆಟ್ಟಗೊಂದು ಕಾಯ್ದೆ ಇಲ್ಲ. ಆದ್ರ ಹೈಕೋರ್ಟಿಗೆ ಹೋಗಿ, 'ಈ ಮನಷ್ಯಾಗ ಯಾರೂ ದಿಕ್ಕಿಲ್ಲ, ನೀವ ದಿಕ್ಕು' ಅಂತ ಕೇಳಾಕ ಬರತೈತಿ. ಕೋರ್ಟು ಡಾಕ್ಟರನ್ನ ಕೇಳತೈತಿ, ತಹಶೀಲ್ದಾರರನ್ನ ಕೇಳತೈತಿ, ಮನ್ಯಾಗಿನವರನ್ನ ಕೇಳತೈತಿ. ಆಮ್ಯಾಲೆ ಒಬ್ಬರನ್ನ ಪಾಲಕರು ಅಂತ ಮಾಡತೈತಿ. ತಡಾ ಆಗತೈತ್ರಿ."

"ಆಗ್ಲೇಳ್ರಿ ವಕೀಲರ," ಎಂದಳು ಶೈಲಶ್ರೀ. "ಅವನೂ ಎಲ್ಲಿಗೂ ಹೊಂಟಿಲ್ಲ."

ಶರಣುವಿನ ಒಪ್ಪಿಗೆಯೂ ಬೇಕಿತ್ತು. ಫೋನಿನಲ್ಲಿ ವಿಷಯ ಕೇಳಿದವನು, "ಅಂದ್ರ ಅಪ್ಪನ್ನ ನಿನ್ನ ಹೆಸರಿಗೆ ಮಾಡ್ಕೊಳ್ಳಾಕತ್ತಿಯೇನ?" ಎಂದ. ಆ ಮಾತು ಎಷ್ಟೋ ದಿನ ಅವಳ ಬಸ್ಸಿನಲ್ಲೇ ಕುಳಿತು ಪಯಣಿಸಿತು. ಹಾನಗಲ್ಲು ಬಂದರೂ ಇಳಿಯಲಿಲ್ಲ, ಹಿರೇಕೆರೂರು ಬಂದರೂ ಇಳಿಯಲಿಲ್ಲ. ಶರಣುವಿನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಮೊದಲು ಬಸ್ಸು ನಿಂತಾಗ ಅವನು ಚಹಾ ಕಳಿಸುತ್ತಿದ್ದ. ಈಗ ಇವಳು ಕಿಟಕಿಯಿಂದ ನೋಡುತ್ತಿದ್ದಳು, ಅವನು ತಕ್ಕಡಿಯ ಕಡೆ ತಿರುಗಿಕೊಳ್ಳುತ್ತಿದ್ದ.

ಆ ಮಳೆಗಾಲದಲ್ಲಿ ಸಿದ್ದವ್ವ ಚಳಿಜ್ವರ ಬಂದು ಹಾಸಿಗೆ ಹಿಡಿದಳು. ಶೈಲಶ್ರೀಗೆ ರಜೆ ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ತಮ್ಮನಿಗೆ ಫೋನು ಮಾಡಿದಳು. ಅವನು ಬಂದ. ಅಂಗಡಿ ಹೆಂಡತಿಗೆ ಬಿಟ್ಟು, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ತಂದು, ಅಪ್ಪನ ಮಂಚದ ಕೆಳಗೇ ಹಾಸಿಕೊಂಡ. ಅತ್ತೆ ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ನಳಿಗೆಗೆ ಗಂಜಿ ಬಿಟ್ಟ, ಮಗ್ಗುಲು ಬದಲಿಸಿದ, ಬೆನ್ನಿಗೆ ಮುಲಾಮು ಹಚ್ಚಿದ. ಹೊರಗೆ ಜಿಟಿಜಿಟಿ ಮಳೆ. ಹಂಚಿನಿಂದ ನೀರು ಒಂದೇ ಲಯದಲ್ಲಿ ಬೀಳುತ್ತಿತ್ತು. ಆ ಲಯಕ್ಕೆ ಅಪ್ಪನ ಉಸಿರು ಸೇರಿ, ಹಗಲೋ ಸಂಜೆಯೋ ತಿಳಿಯದಂಥ ಒಂದು ಮಬ್ಬಿನಲ್ಲಿ ಅವನು ಕುಳಿತಿರುತ್ತಿದ್ದ.

ಒಂದು ಸಂಜೆ ಶೈಲಶ್ರೀ ಒದ್ದೆಯಾಗಿ ಮನೆಗೆ ಬಂದಾಗ ಶರಣು ಬಿಸಿನೀರಿನ ಬಟ್ಟೆಯನ್ನು ಅಪ್ಪನ ಮುಷ್ಟಿಯ ಮೇಲಿಟ್ಟು ಕುಳಿತಿದ್ದ. ಕಾಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಬೆರಳು ಒಂದೊಂದಾಗಿ ಸಡಿಲಾದವು. ಶರಣು ಆ ಅಂಗೈಯನ್ನು ಒರೆಸಿ, ತನ್ನ ಕೆನ್ನೆಗೆ ಹಿಡಿದುಕೊಂಡ.

"ಇನ್ನೂ ಎಲಿ ವಾಸನಿ ಬರತೈತಕ್ಕ," ಎಂದ, ಹಿಂದೆ ತಿರುಗದೆ. ಸ್ವಲ್ಪ ಹೊತ್ತಿಗೆ, "ಅಂವ ಒಳಗ ಅದಾನೇನ?" ಎಂದು ಕೇಳಿದ.

"ನನಗೂ ಗೊತ್ತಿಲ್ಲ. ಅದಾನಂತ ತಿಳದ ಮಾಡೂದು."

ಮರುದಿನ ಅವನೇ ಶಿಗ್ಗಾಂವಿಗೆ ಹೋಗಿ, ಅಕ್ಕ ಪಾಲಕಿಯಾಗಲು ತನ್ನ ತಕರಾರಿಲ್ಲ ಎಂದು ಸಮತಾಳ ಮುಂದೆ ಪ್ರಮಾಣಪತ್ರಕ್ಕೆ ಸಹಿ ಮಾಡಿ ಬಂದ.

ಅರ್ಜಿ ಧಾರವಾಡದ ಹೈಕೋರ್ಟು ಪೀಠದ ಮುಂದೆ ಬಂತು. ಕರಬಸಪ್ಪನ ಸ್ಥಿತಿಯನ್ನು ಡಾಕ್ಟರುಗಳು ಪರೀಕ್ಷಿಸಬೇಕು, ಮನೆ ತೋಟದ ಬಗ್ಗೆ ತಹಶೀಲ್ದಾರರು ವಿಚಾರಿಸಬೇಕು ಎಂದು ಕೋರ್ಟು ಹೇಳಿತು. ವಿಚಾರಣೆಗೆ ಬಂದ ಕಂದಾಯದವರು ಓಣಿಯವರನ್ನೆಲ್ಲ ಮಾತಾಡಿಸಿ ಕೊನೆಗೆ ಶೇಖಸಾಬನನ್ನು ಕೇಳಿದರು: "ಇವರಿಗೆ ಮಾತು ತಿಳೀತಾವೇನ್ರಿ?"

"ನಾ ದಿನಾ ಬಂದು ಮಾತಾಡ್ತೇನ್ರಿ ಸಾಹೇಬ್ರ," ಎಂದ ಶೇಖಸಾಬ. "ಉತ್ತರ ಕೊಡಂಗಿಲ್ಲ. ಖರೆ ಹೇಳ್ಬೇಕಂದ್ರ ಮೊದಲೂ ಕೊಡತಿದ್ದಿಲ್ಲ."

ಡಾಕ್ಟರರ ಪರೀಕ್ಷೆ ಹಾವೇರಿಯಲ್ಲಿ. ಅಂಬ್ಯುಲೆನ್ಸಿನಲ್ಲಿ ಶೈಲಶ್ರೀ ಅಪ್ಪನ ತಲೆಯ ಹತ್ತಿರ ಕುಳಿತಳು. ಆಸ್ಪತ್ರೆಯ ಬಿಳಿ ಕೋಣೆಯಲ್ಲಿ ಹಿರಿಯ ಡಾಕ್ಟರೊಬ್ಬರು ಅವನ ಕಣ್ಣಿಗೆ ಬೆಳಕು ಬಿಟ್ಟರು, ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು. "ನಿಮ್ಮ ಹೆಸರೇನು ಹೇಳ್ರಿ," ಎಂದು ಬಾಗಿ ಕೇಳಿದರು.

ಶೈಲಶ್ರೀ ಉಸಿರು ಹಿಡಿದಳು. ಹೇಳಪ್ಪಾ ಎಂದಿತು ಮನಸ್ಸು. ಅದೇ ಉಸಿರಿನಲ್ಲಿ, ಹೇಳಬ್ಯಾಡ ಎಂದೂ ಅಂದಿತು. ಈಗ ಅವನು ಹೆಸರು ಹೇಳಿದರೆ ಅರ್ಜಿ ಬಿದ್ದುಹೋಗುತ್ತದೆ, ಅಪ್ಪ ಸಿಗುತ್ತಾನೆ. ಹೇಳದಿದ್ದರೆ ಅರ್ಜಿ ನಿಲ್ಲುತ್ತದೆ, ಅಪ್ಪ ಇಲ್ಲವೆಂದು ಬರೆದುಕೊಡುತ್ತಾರೆ. ಕೋಣೆಯ ಫ್ಯಾನು ತಿರುಗುತ್ತಿತ್ತು. ಕರಬಸಪ್ಪ ಫ್ಯಾನನ್ನು, ಅಥವಾ ಅದರಾಚೆ ಏನನ್ನೋ, ನೋಡುತ್ತಿದ್ದ. ಡಾಕ್ಟರು ಎದ್ದು ನಿಂತು ಕನ್ನಡಕ ತೆಗೆದರು. ಆಗ ಅವಳಿಗೆ ತನ್ನೊಳಗಿನ ಎರಡು ಮಾತುಗಳಲ್ಲಿ ಯಾವುದು ಗೆದ್ದಿತೆಂದು ತಿಳಿಯದೆ ಅಳು ಬಂತು. ಡಾಕ್ಟರು ನೀರು ಕೊಡಿಸಿ, "ಸಾವಕಾಶ ಹೋಗ್ರಿ," ಎಂದರು.

ಕೋರ್ಟಿನ ದಿನ ಅಕ್ಕ ತಮ್ಮ ಇಬ್ಬರೂ ಧಾರವಾಡಕ್ಕೆ ಹೋದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಅಷ್ಟು ಕಡಿಮೆ ಸದ್ದು ಇರುವುದನ್ನು ಕಂಡು ಶೈಲಶ್ರೀಗೆ ಯಾಕೋ ಎಲೆತೋಟದೊಳಗೆ ಹೊಕ್ಕಂತಾಯಿತು. ನ್ಯಾಯಮೂರ್ತಿಗಳು ಕಾಗದ ಮಗುಚಿ, ಸಮತಾಳ ಮಾತು ಕೇಳಿ, ಹಿಂದೆ ನಿಂತಿದ್ದ ಇವಳನ್ನು ಮುಂದೆ ಕರೆದು ಕನ್ನಡದಲ್ಲೇ ಕೇಳಿದರು:

"ತಂದೆಯವರ ಆಸ್ತಿಯಲ್ಲಿ ನಿಮಗೆ ಏನು ಬೇಕಮ್ಮ?"

"ನನಗೇನೂ ಬ್ಯಾಡ್ರಿ," ಎಂದಳು. ದನಿ ಎಂದಿನಷ್ಟೇ ಮೆಲ್ಲಗಿತ್ತು, ಅವರು ಮುಂದೆ ಬಾಗಬೇಕಾಯಿತು. "ಅವರದು ಅವರಿಗೆ ಮುಟ್ಟಬೇಕ್ರಿ. ಮುಟ್ಟಿಸಾಕ ಅವರ ಕೈ ಏಳವಲ್ದು. ಅದಕ್ಕ ನನ್ನ ಕೈ ತಗೋರಿ ಅಂತ ಕೇಳಾಕ ಬಂದೇನಿ."

ಆದೇಶವಾಯಿತು. ಕರಬಸಪ್ಪನ ಖಾತೆ, ತೋಟ, ಔಷಧೋಪಚಾರ ನೋಡಿಕೊಳ್ಳಲು ಶೈಲಶ್ರೀ ಕಾನೂನಿನಂತೆ ಪಾಲಕಿ. ಕೋರ್ಟನ್ನು ಕೇಳದೆ ಭೂಮಿ ಮಾರುವ ಹಾಗಿಲ್ಲ. ಆರು ತಿಂಗಳಿಗೊಮ್ಮೆ ತಂದೆಯ ಸ್ಥಿತಿ, ಖರ್ಚು ಎರಡನ್ನೂ ಕೋರ್ಟಿಗೆ ತಿಳಿಸಬೇಕು. ತಂದೆ ಚೇತರಿಸಿಕೊಂಡರೆ ಅಂದಿಗೆ ಅಧಿಕಾರ ಮುಗಿಯಿತು. ಇಂಗ್ಲಿಷಿನಲ್ಲಿದ್ದ ಅದನ್ನು ಸಮತಾ ಧಾರವಾಡದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದಳು. ಪಾಲಕಿ ಎಂಬ ಮಾತು ಬಂದಾಗ ಶರಣು ನಕ್ಕ.

"ಸಾಲ್ಯಾಗ ಮಾರ್ಕ್ಸ್ ಕಾರ್ಡಿನ ಕೆಳಗ ಇರತಿತ್ತಲ್ಲಕ್ಕ, ಪಾಲಕರ ಸಹಿ ಅಂತ. ಅಪ್ಪ ಮಾರ್ಕ್ಸ್ ನೋಡದ ಸಹಿ ಮಾಡ್ತಿದ್ದ."

"ನಂದು ನೋಡ್ತಿದ್ದ," ಎಂದಳು ಶೈಲಶ್ರೀ. "ನಿಂದು ನೋಡಿ ಏನ್ ಮಾಡೂದಿತ್ತು?" ಮೂವರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಶರಣು ಅಕ್ಕನಿಗೆ ಚಹಾ ತಂದುಕೊಟ್ಟ.

ಗಾಳಿಯ ಹಾಸಿಗೆ ಬಂತು. ಗಾಲಿಕುರ್ಚಿ ಬಂತು, ತಲೆ ಒರಗಿಸಲು ಆಸರೆ ಇರುವಂಥದ್ದು. ಬೆನ್ನಿನ ಹುಣ್ಣು ಮೆಲ್ಲಗೆ ಮಾಯಿತು. ಹೊಸ ಬೋರಿನಲ್ಲಿ ನೀರು ಬಿತ್ತು. ಒಣಗಿದ ಕೆಲವು ಸಾಲು ಹೋದವು, ಉಳಿದವು ಚಿಗುರಿದವು. ಬಳ್ಳಿ ಎತ್ತರಕ್ಕೆ ಹೋದ ಮೇಲೆ ಅದನ್ನು ಮರದಿಂದ ಬಿಡಿಸಿ ಕೆಳಗಿಳಿಸಿ, ಬುಡವನ್ನು ಸುತ್ತಿ ಮಣ್ಣಿನಲ್ಲಿ ಮುಚ್ಚಿ, ತುದಿಯನ್ನು ಮತ್ತೆ ಮರಕ್ಕೆ ಹಬ್ಬಿಸುವ ಕೆಲಸ ಒಂದಿದೆ. ಹಾಗೆ ಬಳ್ಳಿ ಇಳಿಸುವ ದಿನ ಶೈಲಶ್ರೀ ಅಪ್ಪನನ್ನು ತೋಟಕ್ಕೆ ಕರೆದೊಯ್ಯೋಣ ಎಂದಳು.

ಶರಣು ಬಂದ, ಶೇಖಸಾಬ ಬಂದ. ಕುರ್ಚಿಯನ್ನು ನೂಕಿ, ಎತ್ತಿ, ತೋಟದ ಬಾಯಿಗೆ ತಂದರು. ಎಲೆತೋಟಕ್ಕೆ ಯಾರೂ ಕಾಲಲ್ಲಿ ಏನೂ ಹಾಕಿಕೊಂಡು ಹೋಗುವುದಿಲ್ಲ. ಮೂವರೂ ಚಪ್ಪಲಿ ಬಿಟ್ಟರು. ಶರಣು ಒಂದು ಕ್ಷಣ ನಿಂತು, ಬಾಗಿ, ಅಪ್ಪನ ಕಾಲಿನ ಉಣ್ಣೆಯ ಕಾಲುಚೀಲಗಳನ್ನೂ ತೆಗೆದ.

ಒಳಗೆ ಆಳುಗಳು ಬಳ್ಳಿ ಇಳಿಸುತ್ತಿದ್ದರು. ಉದ್ದನೆಯ ಬಳ್ಳಿಗಳು ಮರದಿಂದ ಬಿಚ್ಚಿಕೊಂಡು ನಿಧಾನವಾಗಿ ನೆಲಕ್ಕೆ ಬರುತ್ತಿದ್ದವು. ಹಸಿ ಮಣ್ಣಿನ ವಾಸನೆ, ಎಲೆಯ ಖಾರ ವಾಸನೆ. ಬೆಳಕು ಎಲೆಗಳಲ್ಲಿ ಸೋಸಿ ಕರಬಸಪ್ಪನ ಮುಖದ ಮೇಲೆ, ಬರಿಗಾಲಿನ ಮೇಲೆ ನೀರಿನಂತೆ ಅಲುಗುತ್ತಿತ್ತು. ಅವನ ಕಣ್ಣು ಆಡುತ್ತದೆಯೋ ಎಂದು ಶೈಲಶ್ರೀ ನೋಡಿದಳು. ಆಡಲಿಲ್ಲ. ಶೇಖಸಾಬ ಪೇಟೆಯ ಸುದ್ದಿ ಬದಿಗಿಟ್ಟು ಬದುವಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಕರಬಸಪ್ಪನ ರೆಪ್ಪೆಗಳು ಇಳಿದವು. ಹಾಸಿಗೆ ಹಿಡಿದ ಮೇಲೆ ಇದುವರೆಗೆ ಅವನು ಹಗಲಿನಲ್ಲಿ ಕಣ್ಣು ಮುಚ್ಚಿರಲಿಲ್ಲ. ಶೈಲಶ್ರೀ ಗಾಬರಿಯಿಂದ ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರು ಬೆಚ್ಚಗೆ, ಆಳವಾಗಿ, ದಣಿದು ಬಂದ ಮನುಷ್ಯನ ಉಸಿರಿನಂತೆ ಬರುತ್ತಿತ್ತು. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಅವಳಿಗೂ ಜೊಂಪು ಹತ್ತಿತು. ಆಳುಗಳು ಪಿಸುಮಾತಿನಲ್ಲಿ ಒಬ್ಬರಿಗೊಬ್ಬರು ಬಳ್ಳಿ ಕಟ್ಟುವ ನಾರು ಕೇಳುತ್ತಿದ್ದದ್ದು ದೂರದ ಊರಿನಿಂದ ಕೇಳಿದಂತೆ ಕೇಳಿಸಿತು.

ಇದಾಗಿ ಒಂದು ಮಳೆಗಾಲ ಕಳೆದಿದೆ. ಕರಬಸಪ್ಪ ಎದ್ದಿಲ್ಲ, ಮಾತಾಡಿಲ್ಲ. ಬಿಸಿಲಿಲ್ಲದ ದಿನ ನೋಡಿ ಅವನನ್ನು ತೋಟಕ್ಕೆ ಒಯ್ಯುತ್ತಾರೆ. ಅಲ್ಲಿ ಅವನು ನಿದ್ದೆ ಮಾಡುತ್ತಾನೆ. ಶರಣು ರವಿವಾರಗಳಲ್ಲಿ ಬರುತ್ತಾನೆ.

ಮೊದಲ ಸಲ ತೋಟದಿಂದ ಮನೆಗೆ ತಿರುಗಿದ ಸಂಜೆ ಸಿದ್ದವ್ವ ಬಾಗಿಲಲ್ಲೇ ನಿಂತು ಕೇಳಿದ್ದಳು: "ಏನಂದ ಅಣ್ಣ?"

"ಏನೂ ಅನಲಿಲ್ಲತ್ತಿ. ನಿದ್ದಿ ಹತ್ತಿತು."

"ಹಂಗಾರ ಛಲೋ ಆತು," ಎಂದು ಸಿದ್ದವ್ವ ಒಳಗೆ ಹೋಗಿ ಗಂಜಿಗೆ ನೀರಿಟ್ಟಳು.